ಅತ್ತೆಗಾಗಿ ಒಂದು ಮಲ್ಟಿಕಾಸ್ಟ್

ನೆಟ್‌ವರ್ಕ್ ವಿಷಯದಲ್ಲಿ ಕಾಮೋಠೆಯ ನಮ್ಮ ಹೌಸಿಂಗ್ ಸೊಸೈಟಿಗೆ ನಾನೇ ಬ್ರಹ್ಮ. ಹೀಗಂತ ಬೇರೆ ಯಾರೂ ಹೇಳಿಲ್ಲ, ನಾನೇ ಹೇಳಿಕೊಂಡಿದ್ದು.

ಮಂಡಿ ಆಪರೇಷನ್ ಆದಮೇಲೆ ನಮ್ಮ ಅತ್ತೆ ಹೊಸ್ತಿಲು ದಾಟಿರಲಿಲ್ಲ. ಬೀಳುವ ಭಯ. ಆದರೂ, ಮನೆಯಲ್ಲಿ ಹಿಂದಿಯಲ್ಲೇ ಜಗಳವಾಡುವ ನನ್ನ ಮಗಳಿಗೆ ಯಕ್ಷಗಾನದ ಕನ್ನಡ ಮಾತುಗಳನ್ನು ಹಾಸಿಗೆಯಲ್ಲಿ ಕೂತೇ ಬಾಯಿಪಾಠ ಮಾಡಿಸಿದ್ದರು. ಆಟ ಕೆಳಗೆ ಸೊಸೈಟಿಯ ಹಾಲ್‌ನಲ್ಲಿ. ಅತ್ತೆ ನೋಡದಿದ್ದರೆ ಹೇಗೆ?

"ನಾನೊಂದು ವಿಡಿಯೋ ಕಾಲ್ ಮಾಡ್ತೇನೆ, ಮುಗೀತಲ್ಲ," ಎಂದಳು ಹೆಂಡತಿ.

ವಿಡಿಯೋ ಕಾಲಂತೆ! ಅವಳಿಗೆ ಮಲ್ಟಿಕಾಸ್ಟ್‌ನ ಮಹಿಮೆ ಬೋಧಿಸಿದೆ. ಹಾಲ್‌ನ ಕ್ಯಾಮೆರಾ ಒಂದೇ ಸಲ ಕಳಿಸುತ್ತದೆ. ಯಾವ್ಯಾವ ಮನೆಯ ಟಿವಿ ಕೇಳಿತೋ ಆ ದಾರಿಗೆ ಮಾತ್ರ ರೌಟರು ಪ್ರತಿ ಮಾಡಿ ಹಂಚುತ್ತದೆ. ಎಷ್ಟು ಮನೆ ಕೇಳಿದರೂ ಕ್ಯಾಮೆರಾಗೆ ಒಂದೇ ಕೆಲಸ. ನೆನೆದರೆ ನನಗೆ ಇಂದಿಗೂ ಮೈ ಜುಮ್ಮೆನ್ನುತ್ತದೆ!

"ಅಬ್ಬಬ್ಬಾ, ಹೌದಾ?" ಎಂದು ಅತ್ತೆ ಕಣ್ಣರಳಿಸಿದರು. ಹೆಂಡತಿ ಬೀನ್ಸ್ ಹೆಚ್ಚುತ್ತಲೇ ಇದ್ದಳು.

ಮಕ್ಕಳ ಕಾರ್ಯಕ್ರಮ, ಸಿಕ್ಕಸಿಕ್ಕವರು ನೋಡಬಾರದು ಎಂದರು ಸೆಕ್ರೆಟರಿ. ಸರಿ, "ಬೇಕಾದವರು ಫ್ಲ್ಯಾಟ್ ನಂಬರ್ ಕಳಿಸಿ" ಎಂದು ಸೊಸೈಟಿಯ ವಾಟ್ಸ್ಯಾಪ್ ಗ್ರೂಪಿಗೆ ಹಾಕಿದೆ. ಬಂದ ನಂಬರುಗಳನ್ನೆಲ್ಲ ಅನುಮತಿಯ ಪಟ್ಟಿಯಾಗಿ ರೌಟರಿಗೆ ಕೊಟ್ಟೆ. ಪಟ್ಟಿಯಲ್ಲಿಲ್ಲದವರಿಗೆ ಪ್ರವೇಶವಿಲ್ಲ. ಅದನ್ನು ಬೇರೆ ಹೇಳಬೇಕಾಗಿಲ್ಲ, ಅದು ರೌಟರಿನ ಹುಟ್ಟುಗುಣ!

ಆ ಸಂಜೆ ಹೆಂಡತಿ ಮಗಳಿಗೆ ವೇಷ ಕಟ್ಟಿಸಲು ಕೆಳಗೆ ಹೋದಳು. ಅತ್ತೆ ರೇಷ್ಮೆ ಸೀರೆ ಉಟ್ಟು ಟಿವಿ ಮುಂದೆ ಕೂತರು. ಚಂಡೆ ಶುರುವಾಯಿತು. ಮೇಲಿನ ಮನೆಯಲ್ಲಿ, ಪಕ್ಕದ ಮನೆಯಲ್ಲಿ, ಎದುರು ಮನೆಯಲ್ಲಿ! ನಮ್ಮ ಟಿವಿ ಮಾತ್ರ ಕಪ್ಪು.

"ಎಂಥ ಮಾರಾಯ್ರೇ, ನಮ್ದು ಬರುದಿಲ್ವಾ?"

ಬಂದ ನಂಬರುಗಳ ಪಟ್ಟಿಯನ್ನು ಫೋನಿನಲ್ಲಿ ತೆರೆದು ನೋಡಿದೆ. ಊರವರ ನಂಬರನ್ನೆಲ್ಲ ಕೇಳಿ ತರಿಸಿಕೊಂಡವನು ನಾನು. ನನ್ನ ನಂಬರನ್ನು ನನಗೆ ಕಳಿಸುವವರು ಯಾರು?

"ಅತ್ತೆ, ಪಟ್ಟಿಯಲ್ಲಿ... ನಮ್ಮ ಮನೆಗೇ ಪರ್ಮಿಷನ್ ಕೊಟ್ಟಿಲ್ಲ."

ಸರಿಪಡಿಸೋಣವೆಂದರೆ, ರೌಟರಿನ ಸೆಟ್ಟಿಂಗಿನ ಒಳಹೋಗುವುದಕ್ಕೂ ಅದೇ ಪಟ್ಟಿ ಹಚ್ಚಿಬಿಟ್ಟಿದ್ದೆ. ಅದು ನನ್ನನ್ನೇ ಹೊರಗೆ ನಿಲ್ಲಿಸಿತು. ಏನು ನಿಷ್ಠೆ! ಇನ್ನು ವಿಡಿಯೋ ಕಾಲೇ ಗತಿಯೆಂದು ಹೆಂಡತಿಗೆ ಫೋನ್ ಮಾಡಿದೆ. ಅದು ನಮ್ಮ ಸೋಫಾದ ಮೇಲೆಯೇ ಹೊಡೆದುಕೊಂಡಿತು.

ಅಷ್ಟರಲ್ಲಿ ಎದುರು ಮನೆಯ ಮರಾಠಿ ಆಂಟಿ, ನಮ್ಮೆಲ್ಲರ ಕಾಕು, ಬಾಗಿಲು ತೆಗೆದು ಕೂಗಿದರು. "ಆಜಿ, ಲವ್ಕರ್ ಯಾ! ತುಮ್ಚೀ ನಾತ್ ಆಲೀ!"

ಬೇಗ ಬನ್ನಿ, ಮೊಮ್ಮಗಳು ರಂಗಕ್ಕೆ ಬಂದಳು ಎಂದು ಕೇಳಿದ್ದೇ ತಡ, ಅತ್ತೆ ವಾಕರ್ ಹಿಡಿದು ಎದ್ದರು. ಹೊಸ್ತಿಲು ದಾಟಿದರು! ಪ್ಯಾಸೇಜೂ ದಾಟಿದರು! ಕೈ ಹಿಡಿಯಲು ಹೋದರೆ "ದಾರಿ ಬಿಡಿ ಮಾರಾಯ್ರೇ" ಎಂದರು. ಫಿಸಿಯೋಥೆರಪಿಯವಳು ಗೋಗರೆದರೂ ಹೊರಗೆ ಕಾಲಿಡದಿದ್ದ ಜೀವ! ಬೆರಗಾಗಿ ಬಾಯಿ ತೆರೆದುಕೊಂಡೇ ಹಿಂದೆ ನಡೆದೆ.

ಕಾಕುವಿನ ಟಿವಿಯಲ್ಲಿ ನನ್ನ ಮಗಳು, ರಾಜಕುಮಾರನ ವೇಷದಲ್ಲಿ, ಅಚ್ಚ ಕನ್ನಡದಲ್ಲಿ ಗುಡುಗುತ್ತಿದ್ದಳು. ಅತ್ತೆಯ ತುಟಿ ಅವಳಿಗಿಂತ ಒಂದು ಮಾತು ಮುಂದೆಯೇ ಓಡುತ್ತಿತ್ತು. ಮೆಲ್ಲಗೆ ಒಳಗೆ ಕಾಲಿಟ್ಟೆ.

ಅತ್ತೆ ಟಿವಿಯಿಂದ ಕಣ್ಣು ತೆಗೆಯದೆ ಕೇಳಿದರು. "ಅಳಿಯಂದಿರೇ, ಇಲ್ಲಿ ನೋಡ್ಲಿಕ್ಕೆ ನಿಮ್ಗೆ ಪರ್ಮಿಷನ್ ಉಂಟಾ?"

ಇರಲಿಲ್ಲ. ಚಪ್ಪಲಿ ಸ್ಟ್ಯಾಂಡಿನ ಪಕ್ಕ ನಿಂತೇ ಮಗಳ ಆಟ ನೋಡಿದೆ!