ಕೊಕ್ಕರೆಯ ಬದಿಗೇ ಮುಗಿಯುವ ಆಲ್ಬಮ್ ಕುರಿತು ಥಿಸಲ್‌ವುಡ್ ರೆಕಾರ್ಡ್ ಕಂಪನಿಗೆ

ಲಂಡನ್ನಿನ ಥಿಸಲ್‌ವುಡ್ ರೆಕಾರ್ಡ್ ಕಂಪನಿಯ ಸುವರ್ಣ ಆವೃತ್ತಿ ಹಾಗೂ ಕೇಳುಗರ ಸಂಪರ್ಕ ವಿಭಾಗದ ಘನ ಮುಖ್ಯಸ್ಥರ ಸನ್ನಿಧಿಗೆ,

ಮಾನ್ಯರೇ,

ಬರ್ಕನ್‌ಹೆಡ್ಡಿನ ಒಂದು ಸಾಲುಮನೆಯಿಂದ ನೊರೀನ್ ರಿಮ್ಮರ್ ಎಂಬವಳ ವಿನಯಪೂರ್ವಕ ವಂದನೆಗಳು. ತಾವು, ತಮ್ಮ ಸಹೋದ್ಯೋಗಿಗಳು, ಮತ್ತು ತಮ್ಮ ಕಚೇರಿಯಲ್ಲಿ ಫೋನಿಗೆ ಕಾಯುವವರಿಗೆಲ್ಲ ಕೊಳಲು ಕೇಳಿಸುವ ಆ ಯಂತ್ರ ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ನಾನು ಹೆಚ್ಚು ಓದಿದವಳಲ್ಲ, ಬಿಸ್ಕತ್ತಿನ ಕಾರ್ಖಾನೆಯಲ್ಲಿ ದುಡಿದವಳು, ಮಲಗುವ ಮುಂಚೆ ದಿನಚರಿಯಲ್ಲಿ ನಾಲ್ಕು ಸಾಲು ಗೀಚುವುದನ್ನು ಬಿಟ್ಟರೆ ಬರೆದು ಅಭ್ಯಾಸವಿಲ್ಲ. ಆದ್ದರಿಂದ ತಪ್ಪಿದ್ದರೆ ತಿದ್ದಿಕೊಳ್ಳಿ. ತಿದ್ದುವುದರಲ್ಲಿ ತಮ್ಮ ಕೈ ಎಷ್ಟು ಪಳಗಿದ್ದೆಂಬುದು ನಮ್ಮ ಮನೆಗೆ ಈಗಾಗಲೇ ಗೊತ್ತಾಗಿದೆ.

ತಮ್ಮ ಕಂಪನಿಯ ಹೆಸರಾಂತ ರಾಕ್ ಸಂಗೀತದ ಎರಡು ರೆಕಾರ್ಡುಗಳ ಜೋಡಿ ಆಲ್ಬಮ್ 'ಉಪ್ಪಿನ ಗಡಿಯಾರ'ಕ್ಕೆ ಐವತ್ತು ತುಂಬಿದ ಸಂಭ್ರಮದಲ್ಲಿ ಅದನ್ನು ಮತ್ತೆ ಹೊರತರುತ್ತಿದ್ದೀರಿ, ಅದರೊಳಗಿನ ಕಿರುಪುಸ್ತಕದಲ್ಲಿ ಕೇಳುಗರ ಆಯ್ದ ಅಭಿಪ್ರಾಯಗಳನ್ನು ಅಚ್ಚು ಹಾಕಿಸುತ್ತಿದ್ದೀರಿ. ನನ್ನ ಗಂಡ ವಿಲ್ಫ್ ರಿಮ್ಮರ್ ಬರೆದದ್ದು ಮೊದಲು ಆಯ್ಕೆಯಾಗಿತ್ತು. ಆ ಸುದ್ದಿ ಬಂದಾಗ ಅವನು ಹಾಸಿಗೆ ಹಿಡಿದಿದ್ದ; ದಿಂಬು ಸರಿಮಾಡಲು ಬಂದ ನರ್ಸಿಗೂ, ಹಾಲು ಹಾಕುವವನಿಗೂ, ಕಿಟಕಿಯಾಚೆಯ ಬೆಕ್ಕಿಗೂ ಅದನ್ನು ಹೇಳಿದ. ಮಾರ್ಚಿನಲ್ಲಿ ತೀರಿಕೊಂಡ. ಅವನ ಮಣ್ಣು ಮುಗಿಸಿ ಬಂದವರಿಗೆ ಹ್ಯಾಮ್ ಸ್ಯಾಂಡ್‌ವಿಚ್ಚು ಹಂಚಿ, ತಟ್ಟೆ ತೊಳೆದಿಟ್ಟು ಕೂತಾಗ ತಮ್ಮ ಎರಡನೆಯ ಸಂದೇಶ ನೋಡಿದೆ: ಅಭಿಪ್ರಾಯದಲ್ಲಿ ವಾಸ್ತವದ ದೋಷವಿರುವುದರಿಂದ ಅದನ್ನು ಕೈಬಿಡಲಾಗಿದೆ. ಅದನ್ನು ಮರಳಿ ಸೇರಿಸಿರೆಂದು ಕೇಳುವುದಷ್ಟೇ ಈ ಪತ್ರದ ಉದ್ದೇಶ. ಉಳಿದದ್ದೆಲ್ಲ ಮರ್ಯಾದೆಗೆ.

ಅವನು ಬರೆದದ್ದು ಇಷ್ಟೇ: "ಕೊನೆಗೆ 'ಹಿತ್ತಲ ಕುರ್ಚಿ' ಬರುತ್ತದೆ. ಇಷ್ಟು ಹೊತ್ತಿನ ಗದ್ದಲವೆಲ್ಲ ತೀರಿದ ಮೇಲೆ ಒಬ್ಬ ಮನುಷ್ಯ ಕುರ್ಚಿ ಎಳೆದುಕೊಂಡು ಕೂರುತ್ತಾನೆ. ಮುಗಿಯುವುದಾದರೆ ಹೀಗೆ ಮುಗಿಯಬೇಕು." ಆಲ್ಬಮ್ ಮುಗಿಯುವುದು ಆ ಹಾಡಿನಿಂದಲ್ಲ, ಕಹಳೆ, ಗುಡುಗು ಮತ್ತು ಗುಂಪುಗಾಯನವುಳ್ಳ 'ಬಂದರಿನ ದೀಪಗಳು' ಹಾಡಿನಿಂದ ಎಂದು ತಾವು ದಯಮಾಡಿ ತಿಳಿಸಿದ್ದೀರಿ. ಸಾಯುತ್ತಿರುವವನೊಬ್ಬ ಮುಕ್ತಾಯದ ವಿಷಯದಲ್ಲಿ ತಪ್ಪು ಮಾಹಿತಿ ಹರಡದಂತೆ ತಾವು ಸಕಾಲದಲ್ಲಿ ತಡೆದಿರಿ. ದೇಶ ತಮಗೆ ಋಣಿಯಾಗಿರಬೇಕು.

ಸತ್ಯದ ಬಗ್ಗೆ ತಮಗಿರುವ ಕಾಳಜಿ ಎಷ್ಟೆಂದು ತಿಳಿಯಲು, ತಮ್ಮ ಅಂತರ್ಜಾಲ ಪುಟದಲ್ಲಿ ಅಂಗೀಕಾರದ ಮುದ್ರೆ ಪಡೆದ ಉಳಿದ ಅಭಿಪ್ರಾಯಗಳನ್ನೂ ಭಕ್ತಿಯಿಂದ ಓದಿದೆ. ಬೋಲ್ಟನ್ನಿನ ಒಬ್ಬರಿಗೆ ಇದು ಮನುಷ್ಯಕುಲದ ಪರಮ ಸಾಧನೆ, ಆದರೆ ಎರಡನೆಯ ರೆಕಾರ್ಡನ್ನು ಅವರು ಗಿಡದ ಕುಂಡದಡಿ ಇಟ್ಟಿದ್ದಾರೆ. ರೆಕ್ಸಮ್ಮಿನ ಒಬ್ಬ ಮಹಿಳೆಯ ಪ್ರಕಾರ ಡೋಲಿನ ತುಣುಕು ಶುರುವಾದೊಡನೆ ಅವರ ನಾಯಿ ಪೋಸ್ಟ್‌ಮ್ಯಾನನನ್ನು ಕಚ್ಚುತ್ತದೆ. ಆದ್ದರಿಂದ ನಾಲ್ಕು ನಕ್ಷತ್ರ. ನಿವೃತ್ತ ಮೇಷ್ಟರೊಬ್ಬರು ಇದನ್ನು ಕತ್ತಲಲ್ಲಿ, ಉಪವಾಸವಿದ್ದು, ಒಬ್ಬರೇ ಕೇಳಬೇಕೆನ್ನುತ್ತಾರೆ. ಅವರ ಪತ್ನಿ ಕೆಳಗೆ ಬೇರೆಯಾಗಿ ಬರೆದು, ಒಬ್ಬರೇ ಎಂಬ ಮಾತಿಗೆ ತಮ್ಮ ಪೂರ್ಣ ಸಹಮತವಿದೆ ಎಂದಿದ್ದಾರೆ. ಒಂದೇ ರೆಕಾರ್ಡಾಗಿದ್ದರೆ ಇದು ಅಪ್ಪಟ ಚಿನ್ನ ಎಂಬುವರಂತೂ ಲೆಕ್ಕವಿಲ್ಲದಷ್ಟು. ಯಾವ ಹಾಡುಗಳನ್ನು ಕಿತ್ತು ಹಾಕಬೇಕೆಂದು ಎಲ್ಲರೂ ಹೇಳಿದ್ದಾರೆ, ಆದರೆ ಇಬ್ಬರ ಮಾತೂ ಒಂದಾಗಿಲ್ಲ. ಎಲ್ಲರ ಮಾತನ್ನೂ ನಡೆಸಿದರೆ ಕೊನೆಗೆ ಉಳಿಯುವುದು ರಟ್ಟಿನ ಹೊದಿಕೆ. ಇವೆಲ್ಲ ವಾಸ್ತವ. ನನ್ನ ಗಂಡನ ಕುರ್ಚಿಯೊಂದೇ ದೋಷ.

ಈಗ ತಮ್ಮ ಕಲಾಪ್ರಜ್ಞೆಯನ್ನು ಹೊಗಳಲು ಅಪ್ಪಣೆ ಕೊಡಿ. ರೆಕಾರ್ಡಿನ ನಾಲ್ಕು ಬದಿಗಳಿಗೆ ಒಂದು, ಎರಡು ಎಂದು ಅಂಕಿ ಹಾಕುವುದು ತೀರಾ ಅಂಗಡಿಯವರ ಬುದ್ಧಿಯೆಂದು ತಮ್ಮ ಹಿಂದಿನವರು ಅಂಕಿಯ ಬದಲು ಹಕ್ಕಿಗಳನ್ನು ಅಚ್ಚು ಮಾಡಿದರು: ಕಡಲಕ್ಕಿ, ಕಾಗೆ, ಕೊಕ್ಕರೆ, ಗೂಬೆ. ಹೊದಿಕೆಯ ಮೇಲೆ ಹಾಡುಗಳ ಹೆಸರನ್ನು ಗಡಿಯಾರದ ಸುತ್ತ ದುಂಡಗೆ ಬರೆದು, ಎಲ್ಲಿ ಶುರು, ಎಲ್ಲಿ ಕೊನೆ ಎಂಬ ಕ್ಷುಲ್ಲಕ ಪ್ರಶ್ನೆಯನ್ನು ಕೇಳುಗರಿಗೇ ಬಿಟ್ಟರು. ಮುಖಪುಟದ ಮೇಲೆ ದೊಡ್ಡ ಕಡಲಕ್ಕಿ ಇದ್ದುದರಿಂದ ಅಲ್ಲಿಂದ ಶುರು ಎಂಬುದರಲ್ಲಿ ಮಾತ್ರ ಜಗಳವಿರಲಿಲ್ಲ.

ಜಗಳ ಕೊನೆಯದರ ಬಗ್ಗೆ. ವಿಲ್ಫ್‌ಗೆ ಕ್ಲೈವ್ ಹೆಸ್ಕೆತ್ ಎಂಬ ಜೀವದ ಗೆಳೆಯನಿದ್ದ, ಬಸ್ಸು ಓಡಿಸುತ್ತಿದ್ದ. ಹಡಗುಕಟ್ಟೆಯ ಬಳಿಯ ಪಬ್ಬಿನಲ್ಲಿ ಇಬ್ಬರೂ ಈ ಆಲ್ಬಮ್ಮಿನ ಬಗ್ಗೆ ಮಾತೆತ್ತಿದರೆ ಪಕ್ಕದ ಮೇಜಿನವರು ತಮ್ಮ ಗ್ಲಾಸು ಎತ್ತಿಕೊಂಡು ದೂರ ಹೋಗುತ್ತಿದ್ದರು. "ಗೂಬೆ ಬದಿ ಕೇಳದೆ ಎದ್ದು ಹೋಗ್ತೀಯಲ್ಲೋ, ನೀನು ಮದುವೆ ಊಟಕ್ಕೆ ಹೋಗಿ ಉಪ್ಪಿನಕಾಯಿ ನೆಕ್ಕಿ ಬರೋನು" ಎಂದು ಕ್ಲೈವ್. "ಗೂಬೆ ಬದಿ ಎರಡನೇದು ಕಣೋ, ನಿಂಗೆ ಬಸ್ಸಲ್ಲೂ ಹಿಂದಿನ ಬಾಗಿಲು ಯಾವುದು ಮುಂದಿನದು ಯಾವುದು ಗೊತ್ತಿಲ್ಲ" ಎಂದು ವಿಲ್ಫ್. ಒಬ್ಬರ ಮನೆಗೆ ಒಬ್ಬರು ಹೋಗಿ ಕೇಳಿದ್ದರೆ ಮುಗಿಯುತ್ತಿತ್ತು. ಆದರೆ ರೆಕಾರ್ಡು ಮತ್ತು ಹಲ್ಲುಜ್ಜುವ ಬ್ರಷ್ಷು ಇನ್ನೊಬ್ಬರ ಮನೆಗೆ ಹೋಗಬಾರದ ವಸ್ತುಗಳೆಂದು ಇಬ್ಬರದೂ ಒಂದೇ ಸಿದ್ಧಾಂತ. ಒಂದು ಸಂಜೆ ಕ್ಲೈವ್ ಎಲ್ಲರೆದುರು, "ಇವನು ಆ ಆಲ್ಬಮ್ ಪೂರ್ತಿ ಕೇಳೇ ಇಲ್ಲ, ಬರೀ ಸುಳ್ಳು ಕೊಚ್ಕೋತಾನೆ" ಎಂದುಬಿಟ್ಟ. ವಿಲ್ಫ್ ಕೋಟು ಹಾಕಿಕೊಂಡು ಮನೆಗೆ ಬಂದ. ಆಮೇಲೆ ಅವರ ನಡುವೆ ಮಾತಿಲ್ಲ, ವರ್ಷಗಟ್ಟಲೆ. ತಮ್ಮ ಪುಟದಲ್ಲಿ ವಿಲ್ಫ್ ಬರೆದದ್ದರ ಕೆಳಗೆ, "ಈ ಮಹಾಶಯರು ಕೊಕ್ಕರೆ ಬದಿಗೇ ಗೊರಕೆ ಹೊಡೆದಿದ್ದಾರೆ" ಎಂದು ಬರೆದದ್ದೂ, ಅದರಿಂದ ತಮ್ಮನ್ನು ಎಚ್ಚರಿಸಿದ್ದೂ ಇದೇ ಕ್ಲೈವ್.

ಮಣ್ಣಾದ ಕೆಲವು ವಾರಗಳ ಮೇಲೆ ಅವನ ರೆಕಾರ್ಡು ಕೇಳಬೇಕೆನಿಸಿತು. ನಮ್ಮದು ರೆಕಾರ್ಡು ಹಾಡಿಸುವ ಹಳೆಯ ಕಾಲದ ಪೆಟ್ಟಿಗೆ. ನಡುವಿನ ಉದ್ದ ಕಡ್ಡಿಗೆ ಹಲವು ರೆಕಾರ್ಡು ಪೇರಿಸಿಟ್ಟರೆ ಒಂದಾದ ಮೇಲೆ ಒಂದು ತಾನಾಗಿ ಕೆಳಗೆ ಬಿದ್ದು ಹಾಡುತ್ತದೆ. ವಿಲ್ಫ್ ಒಮ್ಮೆಯೂ ಹಾಗೆ ಪೇರಿಸಲು ಬಿಟ್ಟವನಲ್ಲ. "ಒಂದರ ಮೇಲೊಂದು ಬಿದ್ರೆ ಗೀರು ಬೀಳುತ್ತೆ ಕಣೇ, ಅವೇನು ನಿನ್ನ ತಟ್ಟೆ ಮೇಲಿನ ಪ್ಯಾನ್‌ಕೇಕಾ" ಎಂದು, ಒಂದು ಬದಿ ಮುಗಿದೊಡನೆ ತಾನೇ ಎದ್ದು, ಅಂಗೈ ತಾಗದಂತೆ ಮಗುಚಿ ಹಾಕುತ್ತಿದ್ದ. ನನಗೆ ಮಂಡಿ ನೋವು. ಎರಡನ್ನೂ ಪೇರಿಸಿ ಕೂತೆ. ಕಡಲಕ್ಕಿ ಮುಗಿಯಿತು, ಮೇಲಿನದು ಬಿತ್ತು, ಕಾಗೆ ಹಾಡಿತು. ಎರಡನ್ನೂ ಜೊತೆಗೇ ತಿರುವಿ ಹಾಕಿದೆ. ಕೊಕ್ಕರೆ, ಆಮೇಲೆ ಗೂಬೆ. ಕಹಳೆ, ಗುಡುಗು, 'ಬಂದರಿನ ದೀಪಗಳು', ಸಮಾಪ್ತಿ.

ಆಗ ರೆಕಾರ್ಡುಗಳನ್ನು ಬೆಳಕಿಗೆ ಹಿಡಿದು ನೋಡಿದೆ. ವಿಲ್ಫ್ ತನ್ನ ಪ್ರತಿಯನ್ನು ಅಮೆರಿಕದಿಂದ ಬಂದ ಹಡಗಿನವನೊಬ್ಬನ ಕೈಯಿಂದ ಕೊಂಡಿದ್ದ. ಅಲ್ಲಿ ಮಾರಲು ತಾವು ಪೇರಿಸುವ ಪೆಟ್ಟಿಗೆಗೆ ಹೊಂದುವಂತೆ ಕಡಲಕ್ಕಿಯ ಬೆನ್ನಿಗೆ ಗೂಬೆಯನ್ನೂ ಕಾಗೆಯ ಬೆನ್ನಿಗೆ ಕೊಕ್ಕರೆಯನ್ನೂ ಒತ್ತಿದ್ದಿರಿ. ಇಲ್ಲಿಯ ಪ್ರತಿಗಳಲ್ಲಿ, ಕ್ಲೈವ್‌ನದರಲ್ಲೂ, ಕಡಲಕ್ಕಿಯ ಬೆನ್ನಿಗೆ ಕಾಗೆ, ಕೊಕ್ಕರೆಯ ಬೆನ್ನಿಗೆ ಗೂಬೆ; ಅವನ್ನು ಒಂದೊಂದೇ ಮಗುಚಿದರೂ ಕ್ರಮ ಕೆಡದು. ನನ್ನ ಗಂಡ ರೆಕಾರ್ಡಿಗೆ ಗೀರು ಬೀಳಬಾರದೆಂದು ಒಂದೊಂದನ್ನೇ ಮಗುಚಿ, ಕಡಲಕ್ಕಿ, ಗೂಬೆ, ಕಾಗೆ, ಕೊಕ್ಕರೆ ಎಂದು ಜೀವಮಾನವಿಡೀ ಕೇಳಿದ. ಅತಿಜೋಪಾನದಿಂದಲೇ ಅವನು ತಪ್ಪಿದ. ಅಂದರೆ, ತಾವು ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಕೇಳಿದ.

ಕ್ಲೈವ್‌ಗೆ ಸಾವಿನ ಸುದ್ದಿ ತಡವಾಗಿ ತಲುಪಿತ್ತು. ಅವನು ಬಂದ, ಕೈಯಲ್ಲಿ ಪೋರ್ಕ್ ಪೈ ಹಿಡಿದುಕೊಂಡು. ನಮ್ಮ ಕಡೆಯ ಗಂಡಸರು ದುಃಖಕ್ಕೆಂದು ಯಾರ ಮನೆಗೂ ಬರುವುದಿಲ್ಲ. "ನಿಮ್ಮನೆ ಗೇಟು ಕಿರುಗುಟ್ಟೋದು ಬಸ್ ಸ್ಟಾಪಿಗೇ ಕೇಳ್ಸುತ್ತೆ ನೊರೀನ್, ಎಣ್ಣೆ ಬಿಡೋಣ ಅಂತ ಬಂದೆ" ಎಂದ. ಎಣ್ಣೆ ಬಿಟ್ಟ. ಚಹಾ ಕೊಟ್ಟೆ. ಬೇಡವೆಂದುಕೊಂಡರೂ ಗೊರಕೆಯ ಮಾತನ್ನು ಕೇಳಿಯೇಬಿಟ್ಟೆ. "ಅವನೇ ಬರೆದದ್ದು ಅಂತ ಗೊತ್ತಿತ್ತು. ಆ ಕುರ್ಚಿ ವಿಷಯ ಇನ್ಯಾರು ಬರೀತಾರೆ? ಕೆಣಕಿದ್ರೆ ತಿರುಗಿ ಬೈತಾನೆ, ಬೈದ್ರೆ ಮಾತು ಶುರುವಾಗುತ್ತೆ ಅಂತ ಕಾಯ್ತಿದ್ದೆ. ಕಾಯಿಲೆ ಅಂತ ನಂಗೆ ಯಾರೂ ಹೇಳ್ಲಿಲ್ಲ ನೊರೀನ್" ಎಂದ.

ರೆಕಾರ್ಡು ತೋರಿಸಿದೆ. ತಿರುಗಿಸಿ ತಿರುಗಿಸಿ ನೋಡಿ, "ಹಾಗಾದ್ರೆ ಇಷ್ಟು ವರ್ಷ ನಾವಿಬ್ರೂ ಬೇರೆ ಬೇರೆ ಆಲ್ಬಮ್ಮಿಗೆ ಕಿತ್ತಾಡಿದ್ದು" ಎಂದ. ನಾನು ವಿಲ್ಫ್ ಮಾಡುತ್ತಿದ್ದ ಹಾಗೆ ಒಂದೊಂದೇ ಮಗುಚಿ ಹಾಕಿದೆ. ಕಹಳೆ ಗುಡುಗುಗಳೆಲ್ಲ ಎರಡನೆಯದಾಗಿಯೇ ಬಂದುಹೋದವು. ಕಾಗೆ ಮುಗಿಯಿತು, ಕೊಕ್ಕರೆ ಬದಿಯ ತುದಿಗೆ 'ಹಿತ್ತಲ ಕುರ್ಚಿ' ಬಂತು, ನಿಂತಿತು, ಮುಳ್ಳು ಕೊನೆಯ ಖಾಲಿ ಗೆರೆಯಲ್ಲಿ ಸುತ್ತುತ್ತಿದ್ದರೂ ಇಬ್ಬರೂ ಏಳಲಿಲ್ಲ. ಕ್ಲೈವ್, "ಹಾಡು ನಿಂತ್ಮೇಲೂ ಕುರ್ಚಿ ಒಂದ್ಸಲ ಕಿರ್ರ್ ಅನ್ನುತ್ತಲ್ಲ, ಅದನ್ನ ನಾನು ಯಾವತ್ತೂ ಕೇಳೇ ಇಲ್ಲ. ಆ ಹೊತ್ತಿಗೆ ನಾನು ಗೂಬೆ ಬದಿ ಹಾಕೋಕೆ ಎದ್ದಿರ್ತಿದ್ದೆ" ಎಂದ. ಆಮೇಲೆ, "ಅವನು ಸರಿ ಅಂತ ನನ್ನ ಬಾಯಲ್ಲಿ ಹೇಳಿಸ್ಬೇಡ. ತಪ್ಪು ಅಂತ ಇನ್ಮೇಲೆ ಹೇಳಲ್ಲ" ಎಂದು ಮೂಗು ಒರೆಸಿಕೊಂಡ.

ವಿಲ್ಫ್‌ನ ಜಾಗಕ್ಕೆ ತಾವು ಆರಿಸಿಕೊಂಡದ್ದು ಕ್ಲೈವ್‌ನ ಅಭಿಪ್ರಾಯವನ್ನೇ. ಅದನ್ನು ತೆಗೆದು ಗೆಳೆಯನದನ್ನು ಹಾಕಿರೆಂದು ಅವನು ತಮ್ಮ ಕಚೇರಿಗೆ ಫೋನ್ ಮಾಡಿದಾಗ, ಒಮ್ಮೆ ಅಂಗೀಕರಿಸಿದ ಅಭಿಪ್ರಾಯವನ್ನು ಬದಲಿಸುವ ಹಕ್ಕು ಅಭಿಪ್ರಾಯ ಉಳ್ಳವನಿಗೆ ಇಲ್ಲವೆಂದು ತಿಳಿಸಿದರಂತೆ. ಇದಕ್ಕಿಂತ ಅಚ್ಚುಕಟ್ಟಾದ ಆಡಳಿತ ಸಂಸತ್ತಿನಲ್ಲೂ ಇಲ್ಲ.

ಹಾಗಾಗಿ ನನ್ನ ಬೇಡಿಕೆಗಳು ಅಲ್ಪ. ವಿಲ್ಫ್‌ನ ಮೂರು ಸಾಲುಗಳನ್ನು ಅವನು ಬರೆದ ಹಾಗೆಯೇ ಅಚ್ಚು ಹಾಕಿ. ಅದು ಕಷ್ಟವೆಂದಾದರೆ, ದೋಷವು ಕೇಳುಗನದಲ್ಲ, ಸರಕಿನದು ಎಂದು ಒಪ್ಪಿ, ಹಡಗುಗಳಲ್ಲಿ ಲೋಕವೆಲ್ಲ ಹಂಚಿದ ಆ ಪ್ರತಿಗಳನ್ನು ಒಂದೂ ಬಿಡದೆ ವಾಪಸ್ ತರಿಸಿ, ಅವನ್ನು ಕೇಳಿ ಬೆಳೆದವರ ಸಂಜೆಗಳನ್ನು ಸರಿಯಾದ ಕ್ರಮದಲ್ಲಿ ಮರಳಿಸಿ. ಜೊತೆಗೆ ಪಬ್ಬಿನಿಂದ ಕೋಟು ಹಾಕಿಕೊಂಡು ಹೊರಟ ಆ ಸಂಜೆಯನ್ನೂ. ಯಾವುದು ಸುಲಭವೋ ಅದನ್ನು ಮಾಡಿ. ನಾನು ಹಟ ಮಾಡುವವಳಲ್ಲ.

ಸರಿತಪ್ಪುಗಳನ್ನೆಲ್ಲ ತಮಗೇ ಬಿಟ್ಟು, ಮೂರು ಸಾಲು ಮಾತ್ರ ಬೇಡುತ್ತಿರುವ,

ತಮ್ಮ ವಿಶ್ವಾಸಿ,
ನೊರೀನ್ ರಿಮ್ಮರ್

ಮರೆತ ಮಾತು: ಲಕೋಟೆ ಅಂಟಿಸುವಷ್ಟರಲ್ಲಿ ತಮ್ಮ ಕಚೇರಿಯ ಹೊಸ ಸಂದೇಶ ಬಂತು. ಕೈಬಿಟ್ಟ ಅಭಿಪ್ರಾಯವನ್ನು ಮರುಪರಿಶೀಲಿಸಲು ಅವಕಾಶವಿದೆಯೆಂದೂ, ಆದರೆ ಬರೆದವರು ಖುದ್ದಾಗಿ ಒಪ್ಪಿಗೆ ತಿಳಿಸಬೇಕೆಂದೂ, ಮನೆಯವರ ಮಾತು ನಡೆಯದೆಂದೂ ಹೇಳಿದ್ದೀರಿ. ಸಂದೇಶವನ್ನು ವಿಲ್ಫ್‌ನ ಹೆಸರಿಗೇ ಕಳಿಸಿದ್ದೀರಿ, ನಾನು ತೆರೆದು ಓದಿದ್ದಕ್ಕೆ ಕ್ಷಮೆಯಿರಲಿ. ಅವನು ಉತ್ತರ ಬರೆಯುವುದರಲ್ಲಿ ಮೊದಲಿನಿಂದಲೂ ನಿಧಾನ. ದಯವಿಟ್ಟು ಅಚ್ಚನ್ನು ಸ್ವಲ್ಪ ತಡೆಹಿಡಿಯಿರಿ.