ಊಟ ಕೇಳದ ಮೇಲ್

ಬೆಳಗ್ಗೆ ಲಕ್ಷ್ಮೀಕಾಂತನಿಗೆ ಲಾಟರಿ ಹೊಡೆದಿತ್ತು. ಅದೂ ಎರಡು ಸಲ. ಹಿಂದೂಪುರದ ಬೀಜದ ಕಂಪನಿಯಲ್ಲಿ ಎಲ್ಲ ಶಾಖೆಗಳ ಮೇಲ್ ನೋಡಿಕೊಳ್ಳುವವನು ಅವನೇ. ಲಾಟರಿ ಹೊಡೆದಿದೆ ಎನ್ನುವಂಥ ಕಳ್ಳ ಮೇಲ್ ನುಗ್ಗಿದರೆ ಬೈಗುಳವೂ ಅವನಿಗೇ. ಫಿಲ್ಟರಿನಲ್ಲಿ 'ಲಾಟರಿ' ತಡೆದರೆ ಕಳ್ಳರು 'ಲಾ.ಟ.ರಿ' ಎಂದು ಚುಕ್ಕಿ ಇಟ್ಟುಕೊಂಡು ಬಂದರು. ಚುಕ್ಕಿ ತಡೆದರೆ ನಕ್ಷತ್ರ ಹಚ್ಚಿಕೊಂಡು ಬಂದರು, ಕರೆಯದ ಮದುವೆಯಲ್ಲಿ ಪಂಕ್ತಿಗೊಂದು ಅಂಗಿ ಬದಲಿಸಿ ಕೂರುವವರ ಹಾಗೆ.

ಅವನು ಕಾಯುತ್ತಿದ್ದುದು ಒಂದೇ ಮೇಲ್‌ಗೆ: ಕಲ್ಯಾಣದುರ್ಗದ ಹೆಡ್ಡಾಫೀಸಿಗೆ ವರ್ಗ. ಹೆಂಡತಿ ಪದ್ಮಲತಾ ಅಲ್ಲಿ ಟೀಚರು. ಮದುವೆಯಾದಾಗಿನಿಂದ ಅವರ ಸಂಸಾರ ಭಾನುವಾರದ ಬಸ್ಸಿನಲ್ಲೇ ನಡೆದಿತ್ತು.

ಕೇಳದಿದ್ದರೂ ಸಲಹೆ ಕೊಡುವ ಪಕ್ಕದ ಟೇಬಲ್ಲಿನ ಚೌಡಕ್ಕ ಕುರ್ಚಿ ಎಳೆದುಕೊಂಡಳು.

"ನಮ್ಮೋರು ಯಾರಾನ ಊಟ ಆಯ್ತಾ ಅಂತ ಕೇಳ್ದೆ ಮೇಲ್ ಬರೀತಾರೇನಪ್ಪ? ಕಳ್ಳನಿಗೆ ನಿನ್ ಹೊಟ್ಟೆ ಚಿಂತೆ ಯಾಕೆ? ಊಟ ಕೇಳ್ದಿರೋರ್ನೆಲ್ಲ ಸ್ಪಾಮಿಗೆ ತಳ್ಳು ಕಣಪ್ಪ."

ನಿಜವೇ. ಆ ಕಂಪನಿಯಲ್ಲಿ ಕಡಲೆಕಾಯಿ ಬೀಜದ ಆರ್ಡರೂ 'ಅಣ್ಣಾ, ಊಟ ಆಯ್ತಾ' ಎಂದೇ ಶುರುವಾಗುತ್ತಿತ್ತು. ಲಕ್ಷ್ಮೀಕಾಂತ ಆ ನಿಯಮವನ್ನು ಹೆಡ್ಡಾಫೀಸೂ ಸೇರಿ ಎಲ್ಲ ಶಾಖೆಗಳಿಗೂ ಒಟ್ಟಿಗೆ ಹಾಕಿದ. ಕಳ್ಳ ಮೇಲ್ ಒಂದೇ ಏಟಿಗೆ ನಿಂತಿತು. ಆ ಖುಷಿಯಲ್ಲಿ ಊಟದ ಡಬ್ಬಿ ಬಿಚ್ಚುವುದನ್ನೂ ಮರೆತ.

ಸಂಜೆ ನಾಲ್ಕರ ಹೊತ್ತಿಗೆ ಪದ್ಮಲತಾ ಫೋನ್ ಮಾಡಿದಳು. "ಏನ್ರೀ, ನಿಮ್ ಹೆಡ್ಡಾಫೀಸಲ್ಲಿ ವಿಚಾರಿಸ್ದೆ, ವರ್ಗದ ಆರ್ಡರ್ ಬೆಳಗ್ಗೇನೇ ಕಳ್ಸವ್ರಂತೆ. ಐದ್ರೊಳಗೆ ಮೇಲಲ್ಲಿ ಒಪ್ಕೋಬೇಕಂತೆ. ಇಲ್ಲಾಂದ್ರೆ ಆ ಜಾಗ ಬೆಳುಗುಪ್ಪ ಶಾಖೆ ಮುನೆಪ್ಪಂಗಂತೆ."

ಗಾಬರಿಯಲ್ಲಿ ಸ್ಪಾಮ್ ತೆರೆದ. ಲಾಟರಿಗಳ ನಡುವೆ ಹೆಡ್ಡಾಫೀಸಿನ ಮ್ಯಾನೇಜರ್ ಜಯರಾಮಪ್ಪನವರ ಆದೇಶ ಗಂಭೀರವಾಗಿ ಕೂತಿತ್ತು. ಅದರಲ್ಲಿ ಊಟದ ಸುದ್ದಿಯೇ ಇರಲಿಲ್ಲ. ವರ್ಗದ ವಿಷಯ, ಸಲಿಗೆ ಬೇಡವೆಂದು ಅಚ್ಚುಕಟ್ಟಾಗಿ ಉತ್ತರಿಸಿದ: 'ಮಾನ್ಯರೇ, ತಮ್ಮ ಆದೇಶವನ್ನು ಗೌರವಪೂರ್ವಕವಾಗಿ ಒಪ್ಪಿಕೊಂಡಿದ್ದೇನೆ.' ಐದಕ್ಕೆ ಮುಂಚೆಯೇ ಕಳಿಸಿದವನು ಮನೆ ಮಾಲೀಕನಿಗೆ ಫೋನ್ ಮಾಡಿ ರೂಮು ಬಿಡುವುದಾಗಿ ಹೇಳಿಬಿಟ್ಟ.

ಐದು ದಾಟಿದ ಮೇಲೆ ಜಯರಾಮಪ್ಪನವರೇ ಫೋನ್ ಮಾಡಿದರು.

"ಏಮಯ್ಯಾ ಲಕ್ಷ್ಮೀಕಾಂತ, ಬ್ಯಾಡಾಂದ್ರೆ ಬ್ಯಾಡ ಅನ್ಬೇಕು. ನಿನ್ ಮೇಲ್‌ಗೆ ಕಾದು ಕಾದು ಮುನೆಪ್ಪಂಗೆ ಹೇಳ್ದೆ. ಪಾಪ, ತಕ್ಷಣ 'ಊಟ ಆಯ್ತಾ ಸಾರ್, ನಾಳೇನೇ ಬತ್ತೀನಿ' ಅಂತ ಮೇಲ್ ಹಾಕ್ಬುಟ್ಟ. ನೀನು ಅಲ್ಲೇ ಇರು. ನಿನ್ ಫಿಲ್ಟರ್ ಸೂಪರಪ್ಪ, ಬೆಳಗಿಂದ ನಂಗೆ ಒಂದೂ ಕಳ್ಳ ಮೇಲಿಲ್ಲ."

ಊಟ ಕೇಳದ ತನ್ನ ಒಪ್ಪಿಗೆಯೂ ಸಾಹೇಬರ ಸ್ಪಾಮಿಗೆ ಬಿದ್ದಿದೆ ಎಂದು ಹೊಳೆದರೂ ಲಕ್ಷ್ಮೀಕಾಂತ 'ಥ್ಯಾಂಕ್ಸ್ ಸಾರ್' ಎಂದು ಫೋನಿಟ್ಟ. ನಿಜ ಹೇಳಿದರೆ, ಸಾಹೇಬರ ಆದೇಶವೇ ಲಾಟರಿಗಳ ಜೊತೆ ಬಿದ್ದಿತ್ತೆಂದೂ ಹೇಳಬೇಕಾಗುತ್ತಿತ್ತು.

ಅಷ್ಟರಲ್ಲಿ ಇನ್‌ಬಾಕ್ಸಿಗೆ ಹೊಸ ಮೇಲ್ ರಾಜಾರೋಷವಾಗಿ ಬಂದು ಕೂತಿತು: 'ಅಣ್ಣಾ, ಊಟ ಆಯ್ತಾ? ನಿಂಗೆ ಲಾಟ್ರಿ ಹೊಡ್ದದೆ.'

ಅವನು ಮುಚ್ಚಿದ ಡಬ್ಬಿಯ ಕಡೆ ನೋಡಿದ. ಆಮೇಲೆ 'ಇನ್ನೂ ಇಲ್ಲಣ್ಣ' ಎಂದು ಉತ್ತರ ಬರೆದ.