ಬಾಲವಿಲ್ಲದ ಹಾಡು

ನಂಬುವುದಿಲ್ಲ ಅಂದರೆ ಈಗಲೇ ಹೇಳಿಬಿಡಿ, ನನಗೇನೂ ಬೇಸರವಿಲ್ಲ. ನಾವುಂದದಲ್ಲಿ ಬಸ್ಸಿಳಿದು, ಮೊದಲು ಸಿಕ್ಕ ಅಂಗಡಿಯಲ್ಲಿ ಸ್ಯಾಕ್ಸೋಫೋನಿನ ಮಾಣಿಯ ಮನೆ ಎಲ್ಲಿ ಅಂತ ಕೇಳಿ. ದಾರಿ ತೋರಿಸುವ ಮೊದಲು ಅವರು ನಗುತ್ತಾರೆ. ಆ ನಗುವೇ ನನ್ನ ಸಾಕ್ಷಿ. ಒಬ್ಬನೇ ಮನುಷ್ಯನಿಗೆ ಇಷ್ಟೆಲ್ಲ ಹೇಗೆ ಆಗುತ್ತದೆ ಎಂದು ಕೇಳುವವರಿಗೆ ನನ್ನದು ಒಂದೇ ಉತ್ತರ: ಆಗುತ್ತಲೇ ಇರುತ್ತದೆ, ಮತ್ತು ನನಗೇ ಆಗುತ್ತದೆ.

ಬ್ರಹ್ಮಾವರದಿಂದ ಬೈಂದೂರಿನವರೆಗೆ ನಾನು ಊದದ ಸಭಾಭವನ ಇಲ್ಲ. ಮದುವೆ, ಗೃಹಪ್ರವೇಶ, ಯುವಕ ಮಂಡಲದ ವಾರ್ಷಿಕೋತ್ಸವ, ಹೊಸ ಬಟ್ಟೆ ಅಂಗಡಿಯ ಉದ್ಘಾಟನೆ, ಎಲ್ಲ ಕಡೆಯೂ ಊದಿದ್ದೇನೆ. ಡೋಲಿನವರಿಲ್ಲ, ತಾಳದವರಿಲ್ಲ. ನಾನು, ನನ್ನ ಸ್ಯಾಕ್ಸೋಫೋನು, ಒಂದು ಶ್ರುತಿಪೆಟ್ಟಿಗೆ, ಎರಡು ಸ್ಪೀಕರು. ಬೇರೆಯವರು ನಾಲ್ಕೈದು ಜನ ಸೇರಿ ಮಾಡುವುದನ್ನು ನಾನೊಬ್ಬನೇ ಮಾಡುತ್ತಿದ್ದೆ, ಅವರಿಗಿಂತ ಚೆನ್ನಾಗಿಯೇ ಮಾಡುತ್ತಿದ್ದೆ. ಗದ್ದೆ ಹೂಡುವವರ ಮನೆಯಲ್ಲಿ ಹುಟ್ಟಿ ಈ ವಾದ್ಯ ಹಿಡಿದವನು ನಮ್ಮ ಸುತ್ತಿನಲ್ಲಿ ಬೇರೆ ಯಾರೂ ಇಲ್ಲ. ಇದು ಜಂಭ ಅಲ್ಲ, ಇದ್ದ ವಿಷಯ.

ಆದರೆ ಒಂದು ಕೊರತೆ ಇತ್ತು. ಮೋಹನ ರಾಗದಲ್ಲಿ ನಾನೇ ಕಟ್ಟಿದ ಒಂದು ಹಾಡಿತ್ತು. ಸಾವಕಾಶ ಏರುತ್ತದೆ, ಮೇಲೆ ಸ್ವಲ್ಪ ಹೊತ್ತು ನಿಲ್ಲುತ್ತದೆ, ಕಡೆಯಲ್ಲಿ ಯಾರೂ ಎಣಿಸದ ಒಂದು ತಿರುವು ತೆಗೆದುಕೊಂಡು ಇಳಿಯುತ್ತದೆ. ಹಾಡಿನ ಜೀವ ಇರುವುದೇ ಆ ತಿರುವಿನಲ್ಲಿ. ಒಂದು ಸಲ, ಒಂದೇ ಒಂದು ಸಲ, ಅದನ್ನು ಜನರೆದುರು ಪೂರ್ತಿ ಊದಿ ಮುಗಿಸಬೇಕು ಎಂಬುದು ನನ್ನ ಆಸೆ. ಯಾವ ಸಭೆಯಲ್ಲೂ ಆ ತಿರುವಿನವರೆಗೆ ನನ್ನನ್ನು ಬಿಡಲಿಲ್ಲ. ಅಂಗಡಿ ಕಟ್ಟೆಯಲ್ಲಿ ಕೂತವರು, "ನಿನ್ನ ಹಾಡಿಗ್ ತಲಿ ಇತ್ತ್, ಬಾಲ ಇಲ್ಲೆ ಕಾಣ್" ಅನ್ನುತ್ತಿದ್ದರು. 

ಮೀನಿಲ್ಲದ ಹಾರನ್

ಕಾರ್ಯಕ್ರಮ ಅಂದರೆ ಹೋಗಿ ಊದುವುದು ಅಂತ ಜನ ಎಣಿಸುತ್ತಾರೆ. ಅದಕ್ಕೆ ಮುಂಚಿನ ತಯಾರಿ ಯಾರಿಗೂ ಕಾಣುವುದಿಲ್ಲ. ದಿನಾ ಬೆಳಿಗ್ಗೆ ತಗ್ಗಿನ ಸ್ವರಗಳನ್ನು ಉದ್ದಕ್ಕೆ ಊದಿ ಉಸಿರು ಹದ ಮಾಡಿಕೊಳ್ಳಬೇಕು. ಮನೆಯಲ್ಲೇ ಮಾಡುತ್ತಿದ್ದೆ. ನಾನು ಊದುವಾಗ ದನ ಹಾಲು ಕೊಡುವುದಿಲ್ಲ ಎಂದು ಹೆತ್ತ ಅಬ್ಬಿಯೇ ದೂರು ತೆಗೆದಳು. ಸಂಗೀತವೋ ಹಾಲೋ, ಎರಡರಲ್ಲಿ ಒಂದು ಹೇಳು ಅಂದಳು. ನಾನು ಸಂಗೀತ ಅಂದೆ. ಅಬ್ಬಿ ದನ ಅಂದಳು. ಮನೆ ಅಬ್ಬಿಯದು, ಹಾಗಾಗಿ ನಾನು ಹೊರಬಿದ್ದೆ.

ಗಂಗೊಳ್ಳಿಯ ಬಂದರದ ಬದಿಯಲ್ಲಿ ಕಲ್ಲು ರಾಶಿ ಹಾಕಿದ ಜಾಗ ಹುಡುಕಿಕೊಂಡೆ. ಎದುರಿಗೆ ಸಮುದ್ರ, ಹಿಂದೆ ಯಾರೂ ಇಲ್ಲ. ಮೊದಲ ದಿನವೇ ಕಣ್ಣು ಮುಚ್ಚಿಕೊಂಡು ತಗ್ಗಿನ ಸ್ವರ ಹಿಡಿದೆ. ಬಿಟ್ಟು ಬಿಟ್ಟು, ಉದ್ದಕ್ಕೆ. ಅಷ್ಟು ದೊಡ್ಡ ಬಯಲಿನಲ್ಲಿ ನನ್ನ ನಾದ ಕೇಳಿ ನನಗೇ ಹೆಮ್ಮೆಯಾಯಿತು. ಹಿಂದೆ ಜನ ಸೇರುವ ಸದ್ದು ಬಂದಾಗಲಂತೂ, ಸಂಗೀತಕ್ಕೆ ಸೋಲದವರು ಯಾರಿದ್ದಾರೆ ಎಂದು ಇನ್ನೊಂದು ಸುತ್ತು ಜೋರಾಗಿ ಊದಿದೆ.

ತಿರುಗಿ ನೋಡಿದರೆ ಬುಟ್ಟಿ ಹಿಡಿದ ಹೆಂಗಸರು. ಅವರ ಹಿಂದೆ ಐಸ್ ತುಂಬಿದ ಟೆಂಪೋ.

ಎಲ್ಲರಿಗಿಂತ ಮುಂದಿದ್ದ ಅಜ್ಜಿ ನನ್ನ ತಲೆಯ ಮೇಲಿನಿಂದ ನೀರಿನ ಕಡೆ ನೋಡಿ, "ಬೋಟ್ ಎಲ್ಲಿತ್ತ್ ಮಗಾ?" ಅಂದಳು.

ಬೋಟಿಲ್ಲ, ಇದು ಸಂಗೀತ ಎಂದು ವಿವರಿಸಿದೆ. ಅವಳು ಹತ್ತಿರ ಬಂದು ಸ್ಯಾಕ್ಸೋಫೋನಿನ ಬಾಯೊಳಗೆ ಬಗ್ಗಿ ನೋಡಿದಳು, ಅಲ್ಲಾದರೂ ನಾಲ್ಕು ಬಂಗುಡೆ ಇದ್ದಾವೇನೋ ಎಂಬಂತೆ. ಆಮೇಲೆ ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು, ಸಿಟ್ಟಿಲ್ಲದೆ ಬುದ್ಧಿ ಹೇಳಿದಳು: "ಮೀನಿಲ್ದೆ ಹಾರನ್ ಹೊಡುಕಾಗ ಮಗಾ. ಪಾಪ ಬತ್ತ್."

ಮೂಗನ ಮಾತು

ಸ್ಯಾಕ್ಸೋಫೋನಿನ ಬಾಯಿಗೆ ಒಂದು ತೆಳು ಬೆತ್ತದ ಚೂರು ಕಟ್ಟುತ್ತಾರೆ, ರೀಡ್ ಅಂತ. ನಾದ ಹುಟ್ಟುವುದೇ ಅದರಿಂದ. ಒಣಗಿದ್ದರೆ ಕಾಗೆಯ ಹಾಗೆ ಕಿರುಚುತ್ತದೆ, ಆದ್ದರಿಂದ ಕಾರ್ಯಕ್ರಮಕ್ಕೆ ಮುಂಚೆ ಅದನ್ನು ಬಾಯಲ್ಲಿಟ್ಟುಕೊಂಡು ನೆನೆಸಬೇಕು. ಅಷ್ಟು ಹೊತ್ತು ಮಾತಾಡುವ ಹಾಗಿಲ್ಲ. ನನ್ನಂಥವನಿಗೆ ಅದೇ ದೊಡ್ಡ ತಪಸ್ಸು.

ಬ್ರಹ್ಮಾವರದ ಹತ್ತಿರ ಒಂದು ಮದುವೆ. ನಾನು ರೀಡ್ ಬಾಯಲ್ಲಿಟ್ಟುಕೊಂಡೇ ವಯರು ಎಳೆಯುತ್ತಿದ್ದೆ. ಹುಡುಗಿಯ ಸೋದರಮಾವ ಬಂದು ಯಾವ ಊರು ಅಂತ ಕೇಳಿದರು. ನಾನು ಉತ್ತರ ದಿಕ್ಕಿಗೆ ಕೈ ತೋರಿಸಿದೆ. ತಿಂಡಿ ಆಯಿತಾ ಅಂದರು. ತಲೆ ಆಡಿಸಿದೆ. ಅವರ ಮುಖ ಸಣ್ಣದಾಯಿತು. ಸ್ವಲ್ಪ ಹೊತ್ತಿನಲ್ಲಿ ಹೆಂಗಸರ ಕಡೆಯಿಂದ ಪಿಸುಮಾತು ಶುರುವಾಯಿತು. ಪಾಪ, ಮಾತು ಬಪ್ಪುದಿಲ್ಲೆ ಅಂಬ್ರ್, ಆದ್ರೂ ಊದ್ತ ಕಾಣಿ. ಒಬ್ಬರು ಎಳನೀರು ತಂದು ಕುಡಿಯುವುದು ಹೇಗೆ ಅಂತ ಕೈಸನ್ನೆಯಲ್ಲಿ ಕಲಿಸಿಕೊಟ್ಟರು. ಫ್ಯಾನನ್ನು ನನ್ನ ಕಡೆ ತಿರುಗಿಸಿದರು. ಬೇರೆ ಯಾವ ಮದುವೆಯಲ್ಲೂ ನನಗೆ ಅಷ್ಟು ಮರ್ಯಾದೆ ಸಿಕ್ಕಿರಲಿಲ್ಲ. ನಾನೂ ತಿದ್ದಲು ಹೋಗಲಿಲ್ಲ.

ನನ್ನ ಹಾಡು ಹಿಡಿದೆ. ಜನ ಕರುಣೆಯಿಂದ ಕೇಳುತ್ತಿದ್ದರು, ಹೇಗಾದರೂ ಕೇಳುತ್ತಿದ್ದರಲ್ಲ. ಮೇಲಿನ ಸ್ವರಕ್ಕೆ ಹತ್ತಿದ್ದೆ, ಇನ್ನು ನಿಂತು ತಿರುಗುವುದೊಂದೇ ಬಾಕಿ. ಅಷ್ಟರಲ್ಲಿ ಯಾರೋ ನನ್ನೆದುರಿನ ಮೈಕನ್ನೇ ಕಿತ್ತುಕೊಂಡು ಘೋಷಣೆ ಮಾಡಿದರು. ಗೇಟಿನಲ್ಲಿ ಬಿಳಿ ಓಮ್ನಿ ಅಡ್ಡ ನಿಂತಿದೆ, ಮದುಮಗನ ಕಾರು ಒಳಗೆ ಬರಲು ಜಾಗವಿಲ್ಲ, ತೆಗೆಯದಿದ್ದರೆ ಎತ್ತಿ ಗದ್ದೆಗೆ ಹಾಕುತ್ತೇವೆ.

ಆ ಓಮ್ನಿ ನನ್ನ ದೋಸ್ತಿಯದು. ಸ್ಪೀಕರು ತರಲು ಬೇಡಿ ತಂದದ್ದು. "ಹ್ವಾಯ್, ಅದ್ ನಮ್ದ್, ಗದ್ದಿಗ್ ಹಾಕ್ಬೇಡಿ, ನಾ ಬತ್ತೆ" ಅಂದುಬಿಟ್ಟೆ, ಅದೂ ಮೈಕಿನ ಹತ್ತಿರವೇ.

ಓಮ್ನಿ ಸರಿಸಿ ವಾಪಸು ಬರುವಷ್ಟರಲ್ಲಿ ಹುಡುಗಿಯ ಅಜ್ಜಿ ಪುರೋಹಿತರ ಕಾಲಿಗೆ ಬಿದ್ದಿದ್ದಳು. ಹುಟ್ಟುಮೂಗನನ್ನು ಮಾತಾಡಿಸಿದ ಮುಹೂರ್ತ ಇದು, ನಮ್ಮ ಹುಡುಗಿ ಬಾಳಿ ಬದುಕುತ್ತಾಳೆ ಎಂದು ಅಳುತ್ತಿದ್ದಳು. ಪುರೋಹಿತರೂ ತಿದ್ದಲು ಹೋಗಲಿಲ್ಲ.

ಸೋಲೋ

ಯಡ್ತರೆಯ ಕಡೆಯ ಒಂದು ಯುವಕ ಮಂಡಲದವರು ವಾರ್ಷಿಕೋತ್ಸವಕ್ಕೆ ಕರೆದರು. ಬ್ಯಾನರಿನಲ್ಲಿ ಏನು ಬರೆಸಬೇಕು ಎಂದು ಫೋನಿನಲ್ಲಿ ಕೇಳಿದರು. ಪಟ್ಟಣದವರ ಹಾಗೆ ಇರಲಿ ಅಂತ, ಸ್ಯಾಕ್ಸೋಫೋನ್ ಸೋಲೋ ಅಂತ ಬರೆಸಿ ಅಂದೆ. ಒಬ್ಬನೇ ನುಡಿಸುವುದಕ್ಕೆ ಹಾಗೆನ್ನುತ್ತಾರೆ ಎಂದು ವಿವರಿಸುವ ಮೊದಲೇ ಫೋನು ಕಟ್ಟಾಯಿತು.

ಹೋಗಿ ನೋಡಿದರೆ ಎರಡಾಳುದ್ದದ ಬ್ಯಾನರು. ನನ್ನ ಫೋಟೋ, ಕೆಳಗೆ ಕೆಂಪಕ್ಷರದಲ್ಲಿ "ಸ್ಯಾಕ್ಸೋಫೋನ್ ಸೋಲು". ಬರೆಯುವವನಿಗೆ ನನ್ನ ಕನ್ನಡ ತಪ್ಪು ಅನ್ನಿಸಿ ಸರಿಪಡಿಸಿದ್ದನಂತೆ.

ಬದಲಿಸಲು ಹೊತ್ತಿರಲಿಲ್ಲ. ಬ್ಯಾನರು ಓದಿಕೊಂಡ ನಿರೂಪಕ ಗಂಭೀರವಾಗಿ ಮೈಕು ಹಿಡಿದ. ಈ ಕಲಾವಿದರು ಸ್ಪರ್ಧೆಯಲ್ಲಿ ಸೋತಿದ್ದಾರೆ, ಆದರೂ ಎದೆಗುಂದದೆ ನಮ್ಮ ವೇದಿಕೆಗೆ ಬಂದಿದ್ದಾರೆ, ಸೋಲೇ ಗೆಲುವಿನ ಮೆಟ್ಟಿಲು, ಜೋರಾಗಿ ಚಪ್ಪಾಳೆ ಕೊಡಿ ಎಂದ. ಯಾವ ಸ್ಪರ್ಧೆ ಅಂತ ನಾನು ಕೇಳಬೇಕೆಂದಿದ್ದೆ. ಆದರೆ ರೀಡ್ ಬಾಯಲ್ಲಿತ್ತು.

ಚಪ್ಪಾಳೆಯಂತೂ ಬಿತ್ತು. ನಾನು ಉಸಿರು ತೆಗೆದುಕೊಂಡಲ್ಲೆಲ್ಲ ಬಿತ್ತು. ಹಾಡು ಏರುತ್ತಿದ್ದಂತೆ ಅಧ್ಯಕ್ಷರಿಗೆ ತಡೆಯಲಾಗಲಿಲ್ಲ. ವೇದಿಕೆಗೆ ಬಂದು ನನ್ನ ಬೆನ್ನು ಸವರಿ, ವಾದ್ಯವನ್ನು ಮೆತ್ತಗೆ ಬಾಯಿಂದ ಇಳಿಸಿದರು. "ಸಾಕ್ ಮಾರಾಯಾ, ಎಷ್ಟ್ ಅಂದ್ಹೇಳಿ ಕಷ್ಟ ಪಡ್ತೆ. ಸೋತ್ರೆ ಅಡ್ಡಿಲ್ಲೆ" ಅಂದರು. ಬ್ರಹ್ಮಾವರದಿಂದ ಬೈಂದೂರಿನವರೆಗೆ ಯಾರಿಗೂ ಸೋಲದ ನಾನು ಆ ದಿನ ಸಮಾಧಾನಕರ ಬಹುಮಾನದ ಸ್ಟೀಲ್ ತಟ್ಟೆ ಹಿಡಿದು ಫೋಟೋಕ್ಕೆ ನಿಂತೆ.

ಎದ್ದು ನಿಂತವರು

ಆಮೇಲೆ ಒಂದು ದಿನ ಗಂಗೊಳ್ಳಿಯಿಂದ ಒಬ್ಬರು ಮನೆಗೆ ಬಂದರು. ತಂದೆ ತೀರಿಹೋಗಿದ್ದಾರೆ, ಉತ್ತರಕ್ರಿಯೆಯ ದಿನ ಬಂದು ಊದಬೇಕು ಅಂದರು. ಅಂಥದ್ದಕ್ಕೆ ಭಜನೆಯವರನ್ನು ಕರೆಯಿರಿ, ನಾನು ಶುಭಕಾರ್ಯದ ಕಲಾವಿದ ಎಂದು ಬಿಗುವಿನಲ್ಲೇ ಹೇಳಿದೆ.

ಅವರು ಎದ್ದು ಹೋಗಲಿಲ್ಲ. ಅವರ ತಂದೆ ಐಸ್ ಪ್ಲಾಂಟಿನಲ್ಲಿ ಮೆಷಿನ್ ನೋಡಿಕೊಂಡಿದ್ದವರಂತೆ. ಜನ್ಮವಿಡೀ ಆ ಸದ್ದಿನಲ್ಲೇ ಇದ್ದು, ಕೆಲಸ ಬಿಟ್ಟ ಮೇಲೆ ಜಗಲಿಯಲ್ಲಿ ಕೂರುತ್ತಿದ್ದರಂತೆ. ಮನೆಯ ಎದುರಿಗೇ ಸಭಾಭವನ. ಅಲ್ಲಿಯ ಮದುವೆಗಳಲ್ಲಿ ನಾನು ಊದಿದ್ದನ್ನೆಲ್ಲ ಅವರು ಕೇಳಿದ್ದರು. ನನ್ನ ಹಾಡು ಶುರುವಾದರೆ ಹೆಂಡತಿಯನ್ನು ಕರೆದು, ಇವತ್ತಾದರೂ ಮುಗಿಯುತ್ತದಾ ಕಾಂಬ ಎನ್ನುತ್ತಿದ್ದರು. ಮುಗಿಯುತ್ತಿರಲಿಲ್ಲ. ಹಾಸಿಗೆ ಹಿಡಿದ ಮೇಲೂ ಅದೇ ವಿಚಾರ.

"'ಅದ್ ಕಡಿಗ್ ಎಲ್ಲಿಗ್ ಹೋತ್ತ್ ಅಂದ್ಹೇಳಿ ಆ ಮಾಣಿ ಹತ್ರ ಕೇಣ್' ಅಂದಿರ್" ಅಂದರು ಮಗ. "ನಂಗೆ ಪುರ್ಸೊತ್ತಾಯಿಲ್ಲೆ."

ನನ್ನ ಬಾಯಲ್ಲಿ ಆಗ ರೀಡ್ ಇರಲಿಲ್ಲ. ಆದರೂ ಬರುತ್ತೇನೆ ಎಂದು ತಲೆಯಾಡಿಸಿದೆ.

ಆ ದಿನ ಅಂಗಳದ ಚಪ್ಪರದ ತುಂಬ ಜನ. ಹಾರ ಹಾಕಿದ ಫೋಟೋ, ಅದರ ಮುಂದೆ ದೀಪ. ಮೈಕು ಬೇಡ ಅಂದಿದ್ದೆ. ಗಾಡಿಯ ವಿಷಯ ಯಾರೂ ಕೂಗದ ಹಾಗೆ ಮಗನ ಭಾವ ಒಬ್ಬರು ಗೇಟಿನಲ್ಲೇ ನಿಂತಿದ್ದರು. ಒಳಗೆ ಅನ್ನ ಬೆಂದಿತ್ತು, ಎಲೆ ಹಾಕಿ ಆಗಿತ್ತು. ಇದು ಮುಗಿದ ಮೇಲೆ ಊಟ ಅಂತ ಮೊದಲೇ ಹೇಳಿದ್ದರು.

ನಾನು ಫೋಟೋದ ಎದುರು ನಿಂತು ವಾದ್ಯ ಎತ್ತಿದೆ. ಹಿಂದೆ ಕೂತವರೊಬ್ಬರಿಗೆ ಅದು ಮೌನಪ್ರಾರ್ಥನೆ ಅನ್ನಿಸಿರಬೇಕು, ಎದ್ದು ನಿಂತರು. ಅವರನ್ನು ನೋಡಿ ಪಕ್ಕದವರು ಎದ್ದರು. ಕುರ್ಚಿ ಸರಿಯುವ ಸದ್ದು ಮುಂದಿನ ಸಾಲಿನವರೆಗೂ ಬಂತು. ಇಡೀ ಚಪ್ಪರ ಎದ್ದು, ಕೈ ಕಟ್ಟಿ, ತಲೆ ತಗ್ಗಿಸಿ ನಿಂತಿತು.

ಮೌನಪ್ರಾರ್ಥನೆ ಅಂದರೆ ನಿಮಿಷದಲ್ಲಿ ಮುಗಿಯುತ್ತದೆ. ನನ್ನ ಹಾಡು ಸಾವಕಾಶದ ಹಾಡು. ಸ್ವಲ್ಪ ಹೊತ್ತಿಗೆ ಜನ ಒಂದು ಕಣ್ಣು ತೆರೆದು ಅಕ್ಕಪಕ್ಕ ನೋಡತೊಡಗಿದರು. ಸಾವಿನ ಮನೆಯಲ್ಲಿ ಮೊದಲು ಕೂರುವವರು ಯಾರು? ಯಾರೂ ಕೂರಲಿಲ್ಲ. ದಪ್ಪಗಿನ ವ್ಯಾಪಾರಿಯೊಬ್ಬರು ಬೆವರು ಒರೆಸಿಕೊಂಡರು. ತೀರಿಹೋದವರ ಅಣ್ಣ, ಕೋಲು ಹಿಡಿದವರು, ಒಂದು ಮೊಣಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತಿದ್ದರು. ಎಲ್ಲ ನನಗೆ ಕಾಣುತ್ತಿತ್ತು. ಚುಟುಕು ಮಾಡಬಹುದಿತ್ತು. ಮಾಡಲಿಲ್ಲ. ಮೇಲಿನ ಸ್ವರದಲ್ಲಿ ಇನ್ನೊಂದು ಸುತ್ತು ಹೆಚ್ಚೇ ನಿಂತೆ.

ಆಮೇಲೆ ತಿರುವು ತೆಗೆದುಕೊಂಡು ಇಳಿದೆ. ಯಾರೂ ತಡೆಯಲಿಲ್ಲ. ಕಡೆಯ ಸ್ವರ ಸಮುದ್ರದ ಸದ್ದಿನಲ್ಲಿ ಸೇರಿಹೋಗುವವರೆಗೂ ವಾದ್ಯ ಬಾಯಿಂದ ಇಳಿಸಲಿಲ್ಲ.

ಚಪ್ಪಾಳೆ ಹೊಡೆಯುವ ಜಾಗ ಅಲ್ಲ ಅದು. ಯಾರೂ ಅಲುಗಲಿಲ್ಲ. ಆ ನಿಶ್ಶಬ್ದದಲ್ಲಿ ಕೋಲು ಹಿಡಿದ ಅಣ್ಣ ಕುರ್ಚಿಯ ಕಡೆ ಕೈ ತೋರಿಸಿ ಮೆಲ್ಲಗೆ ಕೇಳಿದರು:

"ಮಾಣಿ, ಇನ್ನ್ ಕೂಕಂಬುದಾ?"

ಮೊದಲು ನಕ್ಕದ್ದು ತೀರಿಹೋದವರ ಹೆಂಡತಿ. ಸೆರಗು ಬಾಯಿಗೆ ಒತ್ತಿಕೊಂಡರೂ ತಡೆಯಲಾಗಲಿಲ್ಲ. ಆಮೇಲೆ ಇಡೀ ಚಪ್ಪರ ನಕ್ಕಿತು. ನಗುತ್ತಲೇ ಆಕೆ ಕಣ್ಣೊರೆಸಿಕೊಂಡು ನನ್ನ ಹತ್ತಿರ ಬಂದರು. "ಹೀಂಗ್ ಮುಗಿತ್ತ್ ಅಂದ್ಹೇಳಿ ಅವ್ರ್ ಎಣ್ಸಿರ್ಲಿಲ್ಲೆ ಕಾಣ್. ಅವ್ರ್ ಬೇರೆ ನಮೂನಿ ಗುನುಗ್ತಿದ್ರ್" ಅಂದರು. ಆಮೇಲೆ, ನನಗೆ ಬೇಸರವಾದೀತು ಎಂಬಂತೆ, "ನಿಂದೂ ಅಡ್ಡಿಲ್ಲೆ" ಅಂದರು.

ಎಷ್ಟೋ ವಿದ್ವಾಂಸರು ಮುಗಿಸಿದ ಮೇಲೆ ಜನ ಎದ್ದು ನಿಂತಿರಬಹುದು. ಶುರುವಿನಿಂದ ಕಡೆಯವರೆಗೆ, ಹಸಿದುಕೊಂಡು ನಿಂತು ಕೇಳಿದ್ದು ನನ್ನೊಬ್ಬನನ್ನೇ. ಬೇಕಾದರೆ ಗಂಗೊಳ್ಳಿಯಲ್ಲಿ ವಿಚಾರಿಸಿ.

ಜನ ಉಣ್ಣುವಾಗ ಊದುವುದು ನನ್ನಂಥವರ ಕೆಲಸ. ನಮ್ಮ ಊಟ ಕಡೆಗೆ, ಬಡಿಸುವವರ ಜೊತೆ. ಆ ದಿನ ಊಟಕ್ಕೆ ಯಾರೂ ಊದಲಿಲ್ಲ. ಮೊದಲ ಪಂಕ್ತಿಯಲ್ಲಿ, ಕೋಲು ಹಿಡಿದ ಅಣ್ಣನ ಪಕ್ಕದಲ್ಲಿ, ನನಗೊಂದು ಎಲೆ ಹಾಕಿ ಅನ್ನ ಬಡಿಸಿದರು.